ಹೊಸ್ತಿಲ ಕೆಳಗಿನ ಹೀರೋ

ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರಿಗೆ ಒಂದು ಚಟ. ಬೀಡಿ ಅಲ್ಲ, ಎಲೆ-ಅಡಿಕೆ ಅಲ್ಲ, ಬಿಲ್ಲೆ ಕೂಡಿಸುವುದು. ರಾಜರ ಕಾಲದ ನಾಣ್ಯ ಕೂಡಿಸಿದ್ದರೆ ನಾಲ್ಕು ಜನ ಗೌರವ ಕೊಡುತ್ತಿದ್ದರು. ಇವರದು ಬೇರೆ. ಸಿನಿಮಾ ನೂರು ದಿನ ಓಡಿದಾಗ ಅಭಿಮಾನಿಗಳು ಹಂಚಿದ ನಟನ ಮುಖದ ಬಿಲ್ಲೆ, ಕ್ರಿಕೆಟ್ ಹಂಗಾಮಿನಲ್ಲಿ ಬಬಲ್‌ಗಮ್ಮಿನ ಜೊತೆ ಬಂದ ಆಟಗಾರರ ಬಿಲ್ಲೆ, ಭಾನುವಾರ ಬೆಳಿಗ್ಗೆ ಟಿ.ವಿ.ಯಲ್ಲಿ ಬರುತ್ತಿದ್ದ ಪುರಾಣದ ದೇವರುಗಳ ಬಿಲ್ಲೆ. ಎಲ್ಲವನ್ನೂ ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿದ್ದಾರೆ. ನಮ್ಮ ಮನೆಯಲ್ಲಿ ಮಕ್ಕಳನ್ನೂ ಅಷ್ಟು ಮೆತ್ತಗೆ ಮಲಗಿಸಿದ ನೆನಪು ನನಗಿಲ್ಲ.

ಮೊನ್ನೆ ಮಧ್ಯಾಹ್ನದ ಬಿಡುವಿನಲ್ಲಿ, ಲಿಂಗಸುಗೂರಿನ ನಮ್ಮ ಶಾಲೆಯ ಮಾಸ್ತರರ ಕೋಣೆಯಲ್ಲಿ, ಆ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟರು.

"ಸರ್, ನೀವು ಎಕನಾಮಿಕ್ಸ್ ಓದಿದವರು. ಒಂದು ಮಾತು ಖರೇ ಹೇಳ್ರಿ. ಇವನ್ನ ಕೂಡಿಸೋದು ಲಾಭದ ಕೆಲಸೋ, ಬರೇ ಹುಚ್ಚೋ? ನಮ್ಮ ಮನ್ಯಾಕಿ ಡಬ್ಬಿ ಸಮೇತ ಕೆರಿಗೆ ಹಾಕ್ತೀನಿ ಅನ್ನಾಕತ್ತ್ಯಾಳ."

ನಾನು ಒಂದು ಬಿಲ್ಲೆ ಎತ್ತಿ ಹೊರಳಿಸಿ ನೋಡಿದೆ. ಕಿಟಕಿಯ ಬೆಳಕಿಗೆ ಹಿಡಿದೆ. ತಿಳಿದವರು ಹಾಗೆ ಮಾಡುತ್ತಾರೆ.

"ವಿಚಾರ ಮಾಡಿ ಹೇಳ್ತೀನಿ" ಅಂದೆ.

"ಹಂಗಾದ್ರ ಭಾನುವಾರ ಮಸ್ಕಿಗೆ ಬರ್ತೀನಿ. ನಿಮ್ಮನಿಗೇ ಬರ್ತೀನಿ. ಡಬ್ಬಿ ತರ್ತೀನಿ" ಎಂದು ಅವರು ಮುಚ್ಚಳ ಹಾಕಿಕೊಂಡು ಹೋದರು.

ಗೊತ್ತಿಲ್ಲ ಎಂದು ಹೇಳಿ ಮುಗಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಲ್ಲಿಯೇ ಇದೆ ನನ್ನ ಕಷ್ಟ. ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಆದವನು ನಾನು. ನನಗಿಂತ ಹಿಂದಿನವರು ಹೆಬ್ಬೆಟ್ಟಿನವರು. ಇಂಥ ಮನೆಯಲ್ಲಿ ಒಬ್ಬ ಬಿ.ಎ. ಆದರೆ ಗೊತ್ತಿಲ್ಲ ಅನ್ನುವ ಹಕ್ಕು ಅವತ್ತಿಗೇ ಹೋಗಿಬಿಡುತ್ತದೆ. ಓಣಿಯವರು ಕರೆಂಟ್ ಬಿಲ್ಲು ತರುತ್ತಾರೆ, ಔಷಧದ ಬಾಟಲಿ ತರುತ್ತಾರೆ, ಹೊಲದ ಪಹಣಿ ತರುತ್ತಾರೆ. ಒಮ್ಮೆ ಒಬ್ಬಾಕೆ ಹಾಲು ಕೊಡದ ಎಮ್ಮೆಯನ್ನೇ ಹೊಡೆದುಕೊಂಡು ಬಂದು ಬಾಗಿಲಿಗೆ ನಿಲ್ಲಿಸಿದ್ದಳು. ನಾನು ಅದಕ್ಕೂ ಏನೋ ಹೇಳಿದೆ. ಎಮ್ಮೆ ಮರುವಾರ ಹಾಲು ಕೊಟ್ಟಿತು. ನನ್ನ ಮಾತಿನಿಂದಲ್ಲ ಎಂದು ನನಗೆ ಗೊತ್ತು, ಎಮ್ಮೆಗೂ ಗೊತ್ತು. ಆ ಹೆಣ್ಣುಮಗಳಿಗೆ ಮಾತ್ರ ಇವತ್ತಿಗೂ ಗೊತ್ತಿಲ್ಲ. ನನಗೂ ಒಳಗೊಳಗೆ ಈ ಮರ್ಯಾದೆ ಬೇಕಾಗಿಯೇ ಇತ್ತು ಅನ್ನಿ. ಬಾಗಿಲ ಪಕ್ಕದ ಗೋಡೆಯ ಮೇಲೆ ಹೆಸರಿನ ಮುಂದೆ ಬಿ.ಎ., ಬಿ.ಇಡಿ. ಎಂದು ಎಣ್ಣೆಬಣ್ಣದಲ್ಲಿ ಬರೆಸಿಕೊಂಡವನು ನಾನೇ. ಬಾಗಿಲಿಗಿಂತ ಬೋರ್ಡು ದೊಡ್ಡದಾಯಿತು ಎಂದು ಅಪ್ಪ ಅಂದಿದ್ದ.

ಬಿಲ್ಲೆಯ ಮಾತಿಗೆ ಬರುತ್ತೇನೆ. ನನ್ನದೂ ಒಂದು ಇತ್ತು. ಇತ್ತು ಅನ್ನಬೇಕೋ ಇದೆ ಅನ್ನಬೇಕೋ, ಅದೇ ಮೊದಲ ಗೊಂದಲ.

ಮಸ್ಕಿ ಎರಡು ಊರುಗಳ ನಡುವೆ ಕೂತ ಊರು. ಒಂದು ಕಡೆ ಬಸ್ಸು ಹತ್ತಿದರೆ ಸಿಂಧನೂರು. ಅಲ್ಲಿ ಕಾಲುವೆ ನೀರು, ಭತ್ತ, ರೈಸ್ ಮಿಲ್ಲು, ತೆಲುಗು ಮಾತು, ದೊಡ್ಡ ಟಾಕೀಜು. ಇನ್ನೊಂದು ಕಡೆ ಹತ್ತಿದರೆ ಲಿಂಗಸುಗೂರು. ಅಲ್ಲಿ ಜೋಳ, ತೊಗರಿ, ಕಲ್ಲು ಮತ್ತು ನನ್ನ ನೌಕರಿ. ನಮ್ಮೂರಿನ ಗುಡ್ಡದಲ್ಲಿ ಒಂದು ಬಂಡೆಯ ಮೇಲೆ ಯಾವುದೋ ಕಾಲದ ದೊರೆ ಅಕ್ಷರ ಕೆತ್ತಿಸಿದ್ದಾನೆ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಕ್ಯಾಮೆರಾ ಹಿಡಿದು ಬಗ್ಗಿ ಬಗ್ಗಿ ನೋಡುತ್ತಾರೆ. ನಾವು ಸಣ್ಣವರಿದ್ದಾಗ ಅದರ ನೆರಳಿನಲ್ಲಿ ಆಡು ಬಿಟ್ಟುಕೊಂಡು, ಸೋಡಾ ಬಾಟಲಿಯ ಮುಚ್ಚಳ ಕಲ್ಲಿನಿಂದ ತಟ್ಟಿ ಚಪ್ಪಟೆ ಮಾಡಿ ಆಡುತ್ತಿದ್ದೆವು. ಆ ಮುಚ್ಚಳವೇ ನಮ್ಮ ಸಿಕ್ಕಾ, ನಮ್ಮ ನಾಣ್ಯ. ಬಂಡೆಯ ಮೇಲಿನ ಅಕ್ಷರಕ್ಕೆ ನಮ್ಮಲ್ಲಿ ಯಾವ ಬೆಲೆಯೂ ಇರಲಿಲ್ಲ. ಕೆಂಪು ಬಣ್ಣದ ಮುಚ್ಚಳ ಸಿಕ್ಕರೆ ಮಾತ್ರ ಜಗಳ. ಬೆಲೆಯ ವಿಷಯದಲ್ಲಿ ನನ್ನ ತಲೆ ಆವಾಗಿನಿಂದಲೇ ನೆಟ್ಟಗಿಲ್ಲ ಎಂದು ಕಾಣುತ್ತದೆ.

ಅಪ್ಪ ಸಿಂಧನೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಚೀಲ ಹೊರುವ ಹಮಾಲಿ. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ನಾನು ಸಿಂಧನೂರಿನಲ್ಲೇ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ಅದೇ ವರ್ಷ ಅಪ್ಪ-ಅವ್ವ ಮಸ್ಕಿಯಲ್ಲಿ ಸ್ವಂತದ ಒಂದು ಮನೆ ಎಬ್ಬಿಸಿದರು. ಒಂದು ಪಡಸಾಲೆ, ಒಂದು ಅಡಿಗೆ ಕೋಣೆ, ಮೇಲೆ ಸೂರಿಗೆ ಮಣ್ಣಿನ ಮಾಳಿಗೆ. ಗೋಡೆ ಮೊಣಕಾಲಿನತನಕ ಬಂದಾಗ ಬಾಗಿಲು ನಿಲ್ಲಿಸುವ ದಿನ ಗೊತ್ತುಮಾಡಿದರು. ನಮ್ಮ ಕಡೆ ಹೊಸ್ತಿಲ ಕಲ್ಲು ಕೂಡಿಸುವಾಗ ಅದರ ಕೆಳಗೆ ನವಧಾನ್ಯ, ಅರಿಶಿಣದ ಕೊಂಬು ಮತ್ತು ಬೆಳ್ಳಿ ಇಡಬೇಕು. ಇಡುವವನು ಮನೆಯ ಹಿರೇ ಮಗ.

ಅವ್ವನ ಹತ್ತಿರ ಬೆಳ್ಳಿ ಅಂತ ಇದ್ದದ್ದು ಒಂದೇ. ನಿಜಾಮರ ಸರ್ಕಾರದ ಬೆಳ್ಳಿ ರೂಪಾಯಿ, ನಮ್ಮ ಕಡೆ ಅದಕ್ಕೆ ಹಾಲಿ ಸಿಕ್ಕಾ ಅನ್ನುತ್ತಾರೆ. ಒಂದು ಬದಿಗೆ ಚಾರ್‌ಮಿನಾರ್, ಇನ್ನೊಂದು ಬದಿಗೆ ಉರ್ದು ಅಕ್ಷರ. ಅವ್ವನ ಅವ್ವ ಅದಕ್ಕೆ ಕೊಂಡಿ ಹಾಕಿಸಿ ಕೊರಳಲ್ಲಿ ಕಟ್ಟಿಕೊಂಡಿದ್ದಳಂತೆ. ಆಮೇಲೆ ಯಾವಾಗಲೋ ಕೊಂಡಿ ಕಿತ್ತು ಹೋಗಿ, ಅಂಚಿನಲ್ಲಿ ಒಂದು ಗಂಟು ಉಳಿದಿತ್ತು. ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಅದನ್ನು ಅವ್ವ ನನ್ನ ಕೈಗೆ ಕೊಟ್ಟಳು.

"ಸಿಂಧನೂರಾಗ ಸರಾಫನ ಅಂಗಡ್ಯಾಗ ತಿಕ್ಕಿ ನೋಡಿಸ್ಕೊಂಡು ಬಾ. ಬೆಳ್ಳಿ ಸಾಚಾ ಇರಬೇಕು. ಹೊಚ್ಚಲಕ್ಕ ಖೊಟ್ಟಿ ಇಡಬಾರದು."

"ಅಪ್ಪ ದಿನಾ ಅಲ್ಲೇ ಇರ್ತಾನಲ್ಲಬೇ, ಅವನ ಕೈಯಾಗ ಕೊಡು."

"ನಿಮ್ಮಪ್ಪ ಮಂದಿ ಏನಂದ್ರೂ ಹೌದಂತಾನ. ನೀ ಓದಿದಾವ. ನಿನ್ನ ಯಾರೂ ಏಮಾರ್ಸಂಗಿಲ್ಲ."

ಹೊಸ್ತಿಲನ್ನು ಅವ್ವ ಹೊಚ್ಚಲ ಅನ್ನುತ್ತಾಳೆ. ನೀ ಓದಿದಾವ ಎಂದು ಅವಳು ಹೇಳಿದಾಗ ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಬಸ್ಸಿನಲ್ಲಿ ಕೂಡಲು ಜಾಗ ಇದ್ದರೂ ನಿಂತೇ ಹೋದೆ.

ಸರಾಫನ ಅಂಗಡಿಗೆ ಹೋಗುವ ದಾರಿಯಲ್ಲಿ ಟಾಕೀಜು. ಅಲ್ಲಿ ಆ ವಾರ ಒಂದು ಸಿನಿಮಾ ನೂರು ದಿನ ಮುಗಿಸಿತ್ತು. ಹೀರೋನ ಹೆಸರು ಹೇಳುವುದಿಲ್ಲ. ಅವನ ಅಭಿಮಾನಿಗಳು ಇನ್ನೂ ಗಟ್ಟಿಮುಟ್ಟಾಗಿ ಇದ್ದಾರೆ. ನಾನೂ ಅವರಲ್ಲಿ ಒಬ್ಬನಾಗಿದ್ದೆ. ಅವನ ಹಾಗೆ ಹಣೆಯ ಮೇಲೆ ಕೂದಲು ಬಿಟ್ಟುಕೊಂಡು ಎಕನಾಮಿಕ್ಸ್ ಕ್ಲಾಸಿನಲ್ಲಿ ಕೂಡುತ್ತಿದ್ದೆ. ಪುಸ್ತಕ ಕಾಣುತ್ತಿರಲಿಲ್ಲ, ಅದು ಬೇರೆ ಮಾತು. ಟಾಕೀಜಿನ ಗೇಟ್ ಕಾಯುವ ತಿಮ್ಮಣ್ಣ ನನಗೆ ಪರಿಚಯ. ಗೋಡೆಗೆ ಒರಗಿ ನಿಂತವನು ನನ್ನನ್ನು ಕರೆದು, ಅಂಗೈ ಬಿಚ್ಚಿ ತೋರಿಸಿದ. ಬೆಳ್ಳಗೆ ಫಳಫಳ ಹೊಳೆಯುವ ಬಿಲ್ಲೆ. ಒಂದು ಬದಿಗೆ ಹೀರೋನ ಮುಖ, ಕೂದಲ ಎಳೆ ಎಳೆಯೂ ಕಾಣುವ ಹಾಗೆ. ಹಿಂದೆ ಟಾಕೀಜಿನ ಹೆಸರು, ನೂರು ದಿನ ಎಂಬ ಬರಹ.

"ನೂರ ದಿನಕ್ಕ ನೂರ ಬಿಲ್ಲಿ. ನೂರ ಒಂದನೇದು ಇಲ್ಲ" ಅಂದ ತಿಮ್ಮಣ್ಣ. "ತೊಂಬತ್ತೊಂಬತ್ತು ಹೋದುವು. ಇದೊಂದು ಉಳದೈತಿ. ಇನ್ನ ಹತ್ತು ವರ್ಷ ಬಿಟ್ಟು ನೋಡು, ಇದನ್ನ ನೋಡಾಕ ಮಂದಿ ಸಾಲ ಹಚ್ಚಿ ನಿಂದರ್ತಾರ."

"ನನ್ನ ಹತ್ತಿರ ಏನೂ ಇಲ್ಲಲೇ ತಿಮ್ಮಣ್ಣ."

"ಕೈಯಾಗ ಏನೈತಿ?"

ನಾನು ಬಟ್ಟೆ ಬಿಚ್ಚಿ ತೋರಿಸಿದೆ. ಅವನು ಮೂಗು ಮುರಿದ. "ಇದು ನಡೀತೈತೇನು ಈಗ? ಇದನ್ನ ಕೊಟ್ರ ಒಂದು ಕಪ್ ಚಾ ಬರಂಗಿಲ್ಲ. ನಡೀಲಾರದ್ದು ಕೊಟ್ಟು ಹೀರೋನ್ನ ಒಯ್ಯಾಕತ್ತೀ. ನನಗ ಲುಕ್ಸಾನ. ಆದ್ರೂ ನೀ ಓದೋ ಹುಡುಗ ಅಂತ ಕೊಡ್ತೀನಿ."

ನಾನು ಅಲ್ಲಿ ನಿಂತು ವಿಚಾರ ಮಾಡಿದೆ. ದಯವಿಟ್ಟು ಇದನ್ನು ಗಮನಿಸಿ, ವಿಚಾರ ಮಾಡದೆ ಕೊಟ್ಟವನಲ್ಲ. ಬೆಳ್ಳಿ ಕಲ್ಲಿನ ಕೆಳಗೆ ಹೋಗುವುದು. ಯಾರೂ ನೋಡುವುದಿಲ್ಲ, ಯಾರಿಗೂ ಉಪಯೋಗವಿಲ್ಲ. ಉಪಯೋಗವಿಲ್ಲದ ವಸ್ತುವಿಗೆ ಬೆಲೆ ಇಲ್ಲ ಎಂದು ಎಕನಾಮಿಕ್ಸ್ ಪುಸ್ತಕದ ಮೊದಲ ಪಾಠದಲ್ಲೇ ಇತ್ತು. ಅದರ ಬದಲು ಒಂದು ಸಾದಾ ರೂಪಾಯಿ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಕಲ್ಲಿಗೇನು ತಿಳಿಯುತ್ತದೆ? ಬಿಲ್ಲೆ ನನ್ನ ಹತ್ತಿರ ಉಳಿಯುತ್ತದೆ, ಹತ್ತು ವರ್ಷಕ್ಕೆ ಜನ ಸಾಲು ಹಚ್ಚುತ್ತಾರೆ. ಇಷ್ಟು ವಿಚಾರ ಮಾಡಿಯೇ ನಾನು ನನ್ನ ಅಜ್ಜಿಯ ಕೊರಳಿನದನ್ನು ತಿಮ್ಮಣ್ಣನ ಕೈಗೆ ಇಟ್ಟೆ. ಓದಿಲ್ಲದಿದ್ದರೆ ಅಷ್ಟು ವಿಚಾರ ಬರುತ್ತಿರಲಿಲ್ಲ, ಅದು ಖಾತ್ರಿ.

ಬಾಗಿಲು ನಿಲ್ಲಿಸುವ ದಿನ ಬಂತು. ಮನೆ ಕಟ್ಟುತ್ತಿದ್ದ ಗೌಂಡಿ ಈರಣ್ಣ ಕಲ್ಲು ಎತ್ತಿ ಹಿಡಿಸಿದ. ಅವ್ವ ಹಿಂದೆ ಆರತಿ ತಾಟು ಹಿಡಿದು ನಿಂತಿದ್ದಳು. ನಾನು ರೂಪಾಯಿ ಸುತ್ತಿದ್ದ ಕೆಂಪು ಬಟ್ಟೆಯನ್ನು ಬಹಳ ಭಕ್ತಿಯಿಂದ ಮುಂದೆ ಚಾಚಿದೆ.

"ಬಟ್ಟಿ ಬಿಚ್ಚು ತಮ್ಮಾ" ಅಂದ ಈರಣ್ಣ. "ಬಟ್ಟಿ ಸಮೇತ ಇಟ್ರ ಗೆದ್ದಲ ಹತ್ತತಾವ. ಬರೇ ಬೆಳ್ಳಿ ಮಣ್ಣಿಗೆ ತಾಕಬೇಕು."

ಈ ಮಾತು ನನ್ನ ಎಕನಾಮಿಕ್ಸಿನಲ್ಲಿ ಇರಲಿಲ್ಲ. ಸಣ್ಣ ರೂಪಾಯಿ ಎಲ್ಲಿ, ಅಗಲವಾದ ಹಾಲಿ ಸಿಕ್ಕಾ ಎಲ್ಲಿ. ಬಿಚ್ಚಿದರೆ ಕುರುಡನಿಗೂ ಗೊತ್ತಾಗುತ್ತಿತ್ತು. ಮೂಗು ಒರಸಿಕೊಳ್ಳುವ ನೆಪದಲ್ಲಿ ತಿರುಗಿ, ಕರವಸ್ತ್ರದಲ್ಲಿ ಸದಾ ಕಟ್ಟಿಕೊಂಡಿರುತ್ತಿದ್ದ ಹೀರೋನನ್ನು ಹೊರತೆಗೆದೆ. ಅಳತೆಯಲ್ಲಿ, ಬಣ್ಣದಲ್ಲಿ ಅವನೇ ಬೆಳ್ಳಿಗೆ ಸರಿಜೋಡಿ. ಮುಖ ಕೆಳಗೆ ಮಾಡಿ, ಬರಹ ಮೇಲೆ ಮಾಡಿ ಇಟ್ಟೆ. ಈರಣ್ಣನಿಗೆ ಓದು ಬರುತ್ತಿರಲಿಲ್ಲ. ಸಿಕ್ಕಾದ ಮೇಲೆ ಅಕ್ಷರ ಇರಬೇಕು, ಇದ್ದವು.

"ಭಾರಿ ಹೊಳಪೈತಲ್ಲೋ" ಅಂದ.

"ಸರಾಫ ತಿಕ್ಕಿ ಕೊಟ್ಟಾನ" ಅಂದೆ.

"ಅದಕ್ಕ ಓದಿದಾವನ್ನ ಕಳಿಸಿದ್ದು" ಎಂದಳು ಅವ್ವ ಹಿಂದಿನಿಂದ.

ಕಲ್ಲು ಕೂತಿತು. ಬೆಳ್ಳಿಯೂ ಹೋಯಿತು, ಹೀರೋನೂ ಹೋದ. ನನ್ನ ಕೈಯಲ್ಲಿ ಉಳಿದದ್ದು ಒಂದು ರೂಪಾಯಿ.

ಇನ್ನೂ ಹದಿನೈದು ದಿನ ಕಳೆದಿರಲಿಲ್ಲ, ಸಿಂಧನೂರಿನ ಎಲ್ಲ ಪಾನ್ ಅಂಗಡಿಗಳಲ್ಲಿ ಅದೇ ಬಿಲ್ಲೆ. ಬೀಡಿ ಕಟ್ಟು ಕೊಂಡವರಿಗೆ ಒಂದು ಪುಕ್ಕಟೆ. ಹುಡುಗರು ಅದರಿಂದ ಗೋಲಿ ಹೊಡೆಯುತ್ತಿದ್ದರು. ಒಂದು ಹೋಟೆಲಿನಲ್ಲಿ ಕುಂಟುವ ಟೇಬಲ್ಲಿನ ಕಾಲಿಗೆ ಹೀರೋನನ್ನು ಆನಿಸಿದ್ದರು. ನಾನು ತಿಮ್ಮಣ್ಣನನ್ನು ಹಿಡಿದು ಕೇಳಿದೆ.

"ನೂರ ಅಂದಿದ್ದಿ?"

"ನೂರ ಅಂದಿದ್ದೆ. ನೂರ ಚೀಲೋ ನೂರ ಬಿಲ್ಲಿಯೋ ಅಂತ ನೀ ಕೇಳಲಿಲ್ಲ" ಅಂದ. "ನಿನ್ನ ಬೆಳ್ಳಿ ಕರಗಿಸಿ ಮಗಳಿಗೆ ಕಾಲುಂಗುರ ಮಾಡಿಸೀನಿ. ಬೇಕಂದ್ರ ಬೀಗರ ಮನಿಗೆ ಹೋಗಿ ಕೇಳು."

ಬೀಗರ ಮನೆಗೆ ನಾನು ಹೋಗಲಿಲ್ಲ. ಕೂದಲು ಹಿಂದಕ್ಕೆ ಬಾಚಿಕೊಳ್ಳಲು ಶುರು ಮಾಡಿದೆ.

ಇದಿಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆ. ಆದರೆ ಆ ವರ್ಷ ನಾನು ಪಿ.ಯು.ಸಿ. ಪಾಸಾದೆ. ನಮ್ಮ ಓಣಿಯಲ್ಲಿ ಪಾಸಾದವನು ನಾನೊಬ್ಬನೇ. ಅವ್ವ ಸೀದಾ ಹೋಗಿ ಹೊಸ್ತಿಲಿಗೆ ಅರಿಶಿಣ ಹಚ್ಚಿ, ಹಣೆ ಇಟ್ಟು ಎದ್ದಳು. "ನಮ್ಮವ್ವನ ಬೆಳ್ಳಿ ಕೈ ಹಿಡೀತು" ಅಂದಳು. ಬಿ.ಎ. ಆದಾಗಲೂ ಅದೇ ಮಾತು. ಲಿಂಗಸುಗೂರಿನಲ್ಲಿ ನೌಕರಿ ಆದಾಗಲೂ ಅದೇ ಮಾತು. ರಾತ್ರಿಯೆಲ್ಲ ಕಂದೀಲಿನ ಮುಂದೆ ಕೂತು ಓದಿದ್ದು ನಾನು. ಅಪ್ಪನ ಬೆನ್ನಿನ ಮೇಲೆ ಚೀಲ ಬಿದ್ದ ಗುರುತುಗಳಿವೆ, ದುಡಿದದ್ದು ಅವನು. ಹೆಸರು ಮಾತ್ರ ಬೆಳ್ಳಿಗೆ. ಆ ಬೆಳ್ಳಿಯೂ ಅಲ್ಲಿರಲಿಲ್ಲ. ಅದು ಯಾರದೋ ಕಾಲಿನಲ್ಲಿತ್ತು. ಅಲ್ಲಿದ್ದವನು ಬೀಡಿ ಕಟ್ಟಿನ ಜೊತೆ ಪುಕ್ಕಟೆ ಬರುವ ಒಬ್ಬ ಆಸಾಮಿ. ದಿನಾ ಬೆಳಿಗ್ಗೆ ಅವ್ವ ಸಾರಿಸಿ, ಎರಡು ಎಳೆ ರಂಗೋಲಿ ಎಳೆದು, ಅರಿಶಿಣ ಕುಂಕುಮ ಹಚ್ಚಿ ಕೈ ಮುಗಿಯುತ್ತಿದ್ದಳು. ನಾನು ಬಸ್ಸಿಗೆ ಹೊರಡುವಾಗ ಆ ಕಲ್ಲು ದಾಟುತ್ತಿದ್ದೆ. ಕೆಳಗಿನಿಂದ ಅವನು ನಕ್ಕ ಹಾಗೆ ಆಗುತ್ತಿತ್ತು. ಮುಖ ಕೆಳಗೆ ಮಾಡಿ ಇಟ್ಟಿದ್ದೆ, ಆದರೂ.

ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅಷ್ಟರಲ್ಲಿ ಅವ್ವ ಯಾರಿಗೋ, "ನಮ್ಮ ಮಾಸ್ತರನ್ನ ಕೇಳ್ರಿ, ಅವಂದು ಸುಳ್ಳಿಲ್ಲ" ಅಂದಿರುತ್ತಿದ್ದಳು. ಬಾಯಿ ತಾನೇ ಮುಚ್ಚುತ್ತಿತ್ತು.

ಹೀಗೆ ಹನ್ನೆರಡು ವರ್ಷ. ಹೋದ ವರ್ಷ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸುವುದು ಎಂದಾಯಿತು. ಬಾಗಿಲು ಅಗಲ ಮಾಡಬೇಕು, ಹೊಸ್ತಿಲ ಕಲ್ಲು ಎತ್ತಬೇಕು. ಅವ್ವ ಸಂಭ್ರಮದಿಂದ ಅಂದಳು, "ಬೆಳ್ಳಿ ತಗದು ತೊಳದು, ಹೊಸ ಹೊಚ್ಚಲಕ್ಕೂ ಅದನ್ನ ಇಡೂನು."

ನನಗೆ ಅನ್ನ ಸೇರಲಿಲ್ಲ. ಪಾಠ ಮಾಡುವಾಗ ಬೇಡಿಕೆ ಎನ್ನುವಲ್ಲಿ ಬೆಳ್ಳಿ ಎಂದು ಬರೆದೆ. ಕಡೆಗೆ ಒಂದು ಸಂಜೆ ಸಿಂಧನೂರಿಗೆ ಹೋಗಿ ಖಾದರ್ ಸಾಬರ ಅಂಗಡಿ ಹುಡುಕಿದೆ. ಅವರು ಗಡಿಯಾರ ರಿಪೇರಿ ಮಾಡುವವರು. ಹಳೆಯ ಸಿಕ್ಕಾ ಕೂಡಿಸುವುದರಲ್ಲಿ ಆ ಕಡೆ ಅವರಷ್ಟು ತಿಳಿದವರಿಲ್ಲ. ಕಣ್ಣಿಗೆ ಹಚ್ಚಿದ ಸಣ್ಣ ದುರ್ಬೀನು ತೆಗೆಯದೆಯೇ ನನ್ನ ಕಡೆ ನೋಡಿದರು.

"ಹಾಲಿ ಸಿಕ್ಕಾ? ಐತ್ರಿ. ಬೈಠೋ ಮಾಸ್ತರ್. ನಿಮಗ್ಯಾಕ ಬೇಕಾತು?"

ನಾನು ಎಲ್ಲ ಹೇಳಿದೆ. ಹೊರಗಿನವರ ಮುಂದೆ ಹೇಳುವುದು ಎಷ್ಟು ಸುಲಭ ನೋಡಿ. ಅವರು ನಗಲಿಲ್ಲ. ಡ್ರಾಯರ್ ಎಳೆದು, ಹಾಲಿ ಸಿಕ್ಕಾ ಒಂದು ಕಡೆ ಇಟ್ಟರು. ಆಮೇಲೆ ಇನ್ನೊಂದು ಕಾಗದದ ಪೊಟ್ಟಣ ಬಿಚ್ಚಿ ಅದರ ಪಕ್ಕದಲ್ಲಿಟ್ಟರು. ನನ್ನ ಹೀರೋ. ಹಣೆಯ ಮೇಲೆ ಕೂದಲು ಹಾಗೆಯೇ.

"ಇದೇನು ಸಾಬ್, ಇದನ್ನೂ ಕೂಡಿಸೀರಿ?"

"ಹೈದರಾಬಾದಿಂದ ಒಬ್ಬಾತ ಕಾಗದ ಬರದಾನ. ಸಿನಿಮಾ ಸಿಕ್ಕಾ ಬೇಕಂತ ಅವಗ. ಇದರ ಬದಲಿಗೆ ಹಾಲಿ ಸಿಕ್ಕಾ ಕೊಡ್ತಾನಂತ, ಒಂದಕ್ಕ ಒಂದು."

"ಚೀಲಗಟ್ಲೆ ಇದ್ದುವಲ್ಲ ಸಾಬ್ ಇವು?"

"ಇದ್ದುವು. ಚೀಲಗಟ್ಲೆ ಇದ್ದುವಂತನ ಯಾರೂ ಇಟ್ಕೊಳ್ಳಲಿಲ್ಲ. ಹಾಲಿ ಸಿಕ್ಕಾ ಮನಿಗೊಂದು ಮುಚ್ಚಿಟ್ಟಾರ. ಇವನ್ನ ಯಾರು ಮುಚ್ಚಿಟ್ಟಾರ?" ಅವರು ದುರ್ಬೀನು ತೆಗೆದು ಒರೆಸಿಕೊಂಡರು. "ನೀವು ಮುಚ್ಚಿಟ್ಟೀರಿ. ಕಲ್ಲಿನ ಕೆಳಗ."

ನಾನು ಹೀರೋನನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದೆ. "ಹಂಗಾದ್ರ ನಾ ಅವತ್ತು ಮಾಡಿದ್ದು ಲಾಭಾನೋ ಲುಕ್ಸಾನೋ?"

"ಬೇಕನ್ನಾವ ಬಾಗಿಲಿಗೆ ಬರೋತನ ಅದು ತಗಡು ಮಾಸ್ತರ್. ಬಂದ ದಿನ ಸಿಕ್ಕಾ. ಅವ ಹೊಳ್ಳಿ ಹ್ವಾದ ಅಂದ್ರ ಮತ್ತ ತಗಡು. ನಲವತ್ತು ವರ್ಷ ಆತು ನಾ ಕೂಡಿಸಾಕತ್ತು. ನಮ್ಮ ಬೇಗಂ ಇದನ್ನ ಕೇಳ್ತಾಳ, ನನಗ ಜವಾಬು ಸಿಕ್ಕಿಲ್ಲ."

ನಾನು ಹಾಲಿ ಸಿಕ್ಕಾ ಕೊಂಡು, ಕೇಳಬಾರದ್ದನ್ನು ಕೇಳಿದವನ ಹಾಗೆ ಬಸ್ಸು ಹತ್ತಿದೆ. ನನ್ನ ಉಪಾಯ ಇಷ್ಟೇ: ಈರಣ್ಣ ಕಲ್ಲು ಎತ್ತಿದ ಕೂಡಲೇ ನಾನೇ ಮೊದಲು ಕೈ ಹಾಕುವುದು, ಮುಷ್ಟಿಯೊಳಗೆ ಬದಲಿ ಮಾಡುವುದು. ಹದಿನೇಳನೆಯ ವಯಸ್ಸಿನಲ್ಲಿ ಬಂದಿದ್ದ ಕೈಚಳಕ ಇಪ್ಪತ್ತೊಂಬತ್ತಕ್ಕೆ ಎಲ್ಲಿ ಹೋದೀತು?

ಅದೇ ಈರಣ್ಣ ಬಂದ. ಈಗ ಅವನ ಮಗ ಹಾರೆ ಹಾಕುತ್ತಾನೆ, ಅವನು ಪಕ್ಕಕ್ಕೆ ಕೂತು ಹೇಳುತ್ತಾನೆ. ಅಪ್ಪ ಚಹಾ ತಂದಿದ್ದ. ಕಲ್ಲು ಮಿಸುಕಿತು, ಎದ್ದಿತು. ನಾನು ಬಗ್ಗಿದೆ. ಅಷ್ಟರಲ್ಲಿ ಅವ್ವ ನನ್ನ ಭುಜದ ಮೇಲೆ ಕೈ ಊರಿ ಕೂತು, ತಾನೇ ಕೈ ಹಾಕಿದಳು.

"ಆ ಕಡೆ ಸರಿ ನೀ. ನನ್ನ ಬೆಳ್ಳಿ, ನಾ ತಗೀತೀನಿ."

ಗಾರೆಗೆ ಅಂಟಿದ್ದನ್ನು ಉಗುರಿನಿಂದ ಬಿಡಿಸಿದಳು. ಹಸಿರು ಹಿಡಿದಿತ್ತು. ಬೆಳ್ಳಗಿನ ಹೊಳಪೆಲ್ಲ ಹೋಗಿ ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಕೆಳಗಿನ ಗಾರೆಯಲ್ಲಿ ಹೀರೋನ ಮುಖ ಒತ್ತಿ ಕೂತಿತ್ತು, ಹಣೆಯ ಕೂದಲು ಸಮೇತ. ಅವ್ವ ಸೆರಗಿನಿಂದ ತಿಕ್ಕಿ ನೋಡಿದಳು. ಹೊರಳಿಸಿ ನೋಡಿದಳು.

"ಇವ ಯಾರು?"

ಈರಣ್ಣ ಬಗ್ಗಿದ. "ಯಕ್ಕಾ, ಸಿನಿಮಾದಾವ ಇದ್ದಂಗ ಅದಾನಲ್ಲ."

"ನನಗೂ ಕಣ್ಣದಾವ. ಇಲ್ಲಿಗೆ ಹೆಂಗ ಬಂದ ಅಂತ ಕೇಳಾಕತ್ತೀನಿ."

ನಾನು ಮುಷ್ಟಿ ಬಿಚ್ಚಿದೆ. ಬೆವರಿನಲ್ಲಿ ಒದ್ದೆಯಾಗಿದ್ದ ಹಾಲಿ ಸಿಕ್ಕಾ ಅವಳ ಕೈಗೆ ಹೋಯಿತು. ಅವಳು ಅದನ್ನು ನೋಡಲೇ ಇಲ್ಲ. ಹೆಬ್ಬೆರಳಿನಿಂದ ಅಂಚು ಸವರಿದಳು, ಒಂದು ಸುತ್ತು. ಕೊಂಡಿಯ ಗಂಟು ಸಿಗಲಿಲ್ಲ.

"ಇದು ನಂದಲ್ಲ. ನಂದು ಎಲ್ಲಿ?"

"ಕೊಟ್ಟೆ."

"ಯಾರಿಗೆ?"

"ಟಾಕೀಜಿನ ಗೇಟ್ ಕಾಯೋ ತಿಮ್ಮಣ್ಣಗ."

"ಯಾಕ?"

ಅವಳ ಇನ್ನೊಂದು ಕೈಯಲ್ಲಿದ್ದ ಬಿಲ್ಲೆಯ ಕಡೆ ನಾನು ಬೆರಳು ತೋರಿಸಿದೆ.

"ಬಿಡ, ಹುಡುಗ ಇದ್ದ" ಅಂದ ಅಪ್ಪ.

"ಹುಡುಗ ಇದ್ದಾಗ ಕೊಟ್ಟಾನ, ಅದಕ್ಕೇನೂ ಅನ್ನಂಗಿಲ್ಲ. ಮಾಸ್ತರ ಆದ ಮ್ಯಾಲ ಯಾಕ ಹೇಳಲಿಲ್ಲ?"

ಅಪ್ಪ ಚಹಾದ ಕೆಟಲ್ ಕೆಳಗಿಟ್ಟ. ಗೋಡೆಯ ಮೇಲೆ ನನ್ನ ಬೋರ್ಡು ಇತ್ತು, ಬಿ.ಎ., ಬಿ.ಇಡಿ. ಅವತ್ತು ಮೊದಲ ಸಲ, ನಾಲ್ಕು ಜನರ ಮುಂದೆ, "ಗೊತ್ತಿಲ್ಲಬೇ" ಅಂದೆ.

ಈರಣ್ಣ ಗಾರೆ ಮುಟ್ಟಿ ನೋಡಿದ. "ಯಕ್ಕಾ, ಗಾರಿ ಆರಾಕತ್ತೈತಿ. ಯಾವುದನ್ನ ಇಡೋದು ಹೇಳ್ರಿ. ಬೆಳ್ಳಿ ಐತಲ್ಲ ಕೈಯಾಗ" ಅಂದ.

ಅವ್ವ ಎರಡೂ ಅಂಗೈ ಮುಂದೆ ಮಾಡಿಕೊಂಡು ಕೂತಳು. ಒಂದರಲ್ಲಿ ಸಾಚಾ ಬೆಳ್ಳಿ, ಒಂದರಲ್ಲಿ ಹಸಿರು ಹಿಡಿದ ತಗಡು.

"ಹನ್ನೆರಡು ವರ್ಷ ದಿನಾ ಮುಂಜಾನೆ ಅರಿಶಿಣ ಕುಂಕುಮ ಹಚ್ಚೀನಿ, ಯಾರಿಗೆ? ಇವಗ. ಮಳಿ ಬರ್ಲಿ ಬಿಸಲಿರ್ಲಿ ಬಾಗಿಲ ಕಾದಾವ ಯಾರು? ಇವ. ಇವನ್ನ ಹೊರಗ ಹಾಕಿ, ನಿನ್ನಿ ಸಿಂಧನೂರಿಂದ ಬಸ್ ಹತ್ತಿ ಬಂದಾವನ್ನ ಒಳಗ ಇಡಲೇನು?"

ಹುಣಸೆಹಣ್ಣು ತರಿಸಿ ಅವನನ್ನು ಗಸಗಸ ತಿಕ್ಕಿ ತೊಳೆದಳು. ಹಿತ್ತಾಳೆ ಹೊಳೆಯಿತು. ಆಮೇಲೆ ಅವನನ್ನು ನನ್ನ ಕೈಗೆ ಕೊಟ್ಟಳು.

"ಹಿರೇ ಮಗ ನೀನ, ನೀನ ಇಡಬೇಕು. ಈ ಸಲ ಮಾರಿ ಮ್ಯಾಲ ಮಾಡಿ ಇಡು. ಅವನೂ ಉಸುರಾಡ್ಲಿ."

ಎಲ್ಲರ ಮುಂದೆ, ಮುಖ ಮೇಲೆ ಮಾಡಿ ಇಟ್ಟೆ. ಕಲ್ಲು ಕೂತಿತು. ಬೆಳ್ಳಿಯನ್ನು ಅವ್ವ ನನ್ನ ಅಂಗಿಯ ಕಿಸೆಗೆ ಹಾಕಿದಳು.

"ಇದನ್ನ ನೀ ಇಟ್ಕೊ. ದಿನಾ ನೋಡು."

ಈಗ ಅದು ಟ್ರಂಕಿನಲ್ಲಿ, ನನ್ನ ಬಿ.ಎ. ಸರ್ಟಿಫಿಕೇಟಿನ ಮೇಲೆ ಕೂತಿದೆ. ದಿನಾ ನೋಡುತ್ತೇನೆ. ಅದು ಅವ್ವ ಕೊಟ್ಟ ಉಡುಗೊರೆಯೋ ಶಿಕ್ಷೆಯೋ ತಿಳಿದಿಲ್ಲ. ಕೇಳುವ ಧೈರ್ಯವೂ ಇಲ್ಲ. ಖಾದರ್ ಸಾಬರ ಲೆಕ್ಕದಲ್ಲಿ ಕಲ್ಲಿನ ಕೆಳಗಿನವನೂ ಟ್ರಂಕಿನೊಳಗಿನದೂ ಈಗ ಒಂದಕ್ಕೊಂದು ಸಮ. ಅವ್ವನ ಲೆಕ್ಕದಲ್ಲಿ ಅಲ್ಲ. ಯಾರ ಲೆಕ್ಕ ಸರಿ ಎಂದು ನಾನು ಇನ್ನೂ ವಿಚಾರ ಮಾಡುತ್ತಲೇ ಇದ್ದೆ, ಭಾನುವಾರ ಬಂದುಬಿಟ್ಟಿತು.

ಡ್ರಾಯಿಂಗ್ ಮಾಸ್ತರರು ಮಾತಿಗೆ ತಪ್ಪುವವರಲ್ಲ. ಕಂಕುಳಲ್ಲಿ ಡಬ್ಬಿ ಇಟ್ಟುಕೊಂಡು, ಲಿಂಗಸುಗೂರು ಬಸ್ಸಿನ ಧೂಳು ಸಮೇತ ಬಂದರು. ಒಳಗೆ ಬರುವಷ್ಟೂ ತಾಳ್ಮೆ ಇರಲಿಲ್ಲ ಅವರಿಗೆ. ಹೊಸ್ತಿಲ ಮೇಲೆಯೇ ಎರಡೂ ಕಾಲು ಊರಿ ನಿಂತು, ಡಬ್ಬಿಯ ಮುಚ್ಚಳ ತೆಗೆದರು.

"ಏನ್ ಸರ್, ವಿಚಾರ ಮಾಡಿದ್ರಿ? ಲಾಭದ್ದೋ, ಹುಚ್ಚೋ? ಇವತ್ತು ಹೇಳಬೇಕು ನೀವು. ಮನ್ಯಾಕಿ ದಾರಿ ಕಾಯಾಕತ್ತ್ಯಾಳ."

ನಾನು ಬಾಯಿ ತೆರೆದೆ. ಒಲೆಯ ಮುಂದಿನಿಂದ ಅವ್ವನ ದನಿ ಬಂತು.

"ಮಾಸ್ತರ, ಹೊಚ್ಚಲ ಮ್ಯಾಲ ನಿಂದರಬ್ಯಾಡ್ರಿ. ಕೆಳಗ ನಮ್ಮ ಮಂದಿ ಅದಾರ."

ಅವರು ಕಾಲು ಎತ್ತಿ ಹಿಂದಕ್ಕೆ ಸರಿದರು. ಕಲ್ಲಿನ ಮೇಲೆ ಬೆಳಗಿನ ಅರಿಶಿಣ ಇನ್ನೂ ಹಸಿ ಇತ್ತು. ಅದನ್ನು ನೋಡಿದರು, ತಮ್ಮ ಡಬ್ಬಿ ನೋಡಿದರು, ನನ್ನ ಮುಖ ನೋಡಿದರು.

"ದಾಟಿ ಬರ್ರಿ" ಅಂದೆ.